ಮಲಗಿದ್ದ ಎತ್ತನ್ನು ಎಬ್ಬಿಸಿದ್ದು

ಮಕ್ಕಳು ಚುರುಕಾಗಬೇಕಾದರೆ ಅವರ ಕೈಗೆ ಬಣ್ಣ ಕೊಡಿ, ಮಣ್ಣು ಕೊಡಿ ಎಂದು ಉಪದೇಶ ಮಾಡುವುದು ಬಹಳ ಸುಲಭ. ಕೊಟ್ಟ ಮೇಲೆ ನಮ್ಮ ಕೈಯನ್ನು ಎಲ್ಲಿಟ್ಟುಕೊಳ್ಳುವುದು ಎಂಬುದೇ ಕಷ್ಟ. ನನ್ನದಂತೂ ಹುಟ್ಟಾ ಮೇಷ್ಟ್ರ ಕೈ. ತಿದ್ದಲು ಏನೂ ಸಿಗದಿದ್ದರೆ ಮದುವೆ ಮನೆಯಲ್ಲಿ ಪಕ್ಕದವರ ಬಾಳೆಎಲೆಯನ್ನಾದರೂ ನೆಟ್ಟಗೆ ಮಾಡಿ ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿಯಲ್ಲಿ ಒಂದನೇ ತರಗತಿಗೆ ನಾನೇ ಮೇಷ್ಟ್ರು, ನನ್ನ ಮಗಳು ಗಿರಿಜೆಯೂ ಅದೇ ತರಗತಿ. ಮನೆಯೊಳಗೆ ಅರಳು ಹುರಿದಂತೆ ಮಾತಾಡುವ ಹುಡುಗಿ ನಾಲ್ಕು ಜನರ ಮುಂದೆ ಪಿಟ್ಟೆನ್ನುತ್ತಿರಲಿಲ್ಲ. "ಎದ್ದು ನಿಂತು ಪದ್ಯ ಹೇಳು" ಎಂದರೆ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಬಾಯಿ ಬಿಡದೆ ಫೇಲಾಗಿ ಒಂದು ವರ್ಷ ಅದೇ ತರಗತಿಯಲ್ಲಿ ಉಳಿದಿದ್ದಳು. "ಮೇಷ್ಟ್ರ ಮಗಳೇ ಹಿಂಗಾದ್ರೆ ಹೆಂಗ್ರೀ?" ಎಂದು ಹೆಡ್‌ಮಾಸ್ತರು ಗೊಣಗುತ್ತಿದ್ದರು. ನನಗೆ ಪಾಸು ಫೇಲಿನ ಚಿಂತೆ ಅಷ್ಟಿರಲಿಲ್ಲ. ಮಗುವಿನ ಮಾತು ಒಳಗೊಳಗೇ ಬತ್ತಿಹೋದರೆ ಎಂಬ ಭಯ. ಹೊನ್ನಾಳಿಯಿಂದ ಬಂದಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು, "ಬಾಯಿಗೆ ಬರದೇ ಇದ್ದದ್ದು ಕೈಗೆ ಬರ್ತೈತ್ರೀ. ಮಣ್ಣು ಕೊಟ್ಟು ಸುಮ್ನಿರ್ರಿ" ಎಂದರು. ಮಣ್ಣು ಕೊಡುವುದು ನನಗೆ ಅರ್ಥವಾಯಿತು. ಸುಮ್ಮನಿರುವುದು ಅಷ್ಟಾಗಿ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣಿನ ಎತ್ತು ಮಾಡಿ ಪೂಜೆಗಿಡುವ ಹಬ್ಬ. ತುಂತುರು ಬಿದ್ದು ನಿಂತಿತ್ತು. ಬಿಸಿಲೆಂದರೆ ಬಿಸಿಲಲ್ಲ, ಮೋಡವೆಂದರೆ ಮೋಡವಲ್ಲ, ಅಂಥ ಬೆಳಕು. ಓಣಿಯ ಮಕ್ಕಳು, ಅವರ ತಾಯಂದಿರು ಎಲ್ಲರೂ ನಮ್ಮ ಜಗಲಿಯಲ್ಲೇ ಸೇರಿದ್ದರು. ಗಿರಿಜೆ ಕೆರೆಮಣ್ಣು ನಾದುತ್ತ ನಾದುತ್ತ ಎಲ್ಲೋ ಹೋಗಿಬಿಟ್ಟಿದ್ದಳು. ಅವಳನ್ನು ನೋಡುತ್ತ ನನಗೂ ಜೋಂಪು ಹತ್ತಿತು. ಹಸಿಮಣ್ಣಿನ ವಾಸನೆಯಲ್ಲಿ ನಾನೇ ಸಣ್ಣವನಾಗಿ ಜಗಳೂರಿನ ಅಜ್ಜಿ ಮನೆಯ ಅಂಗಳದಲ್ಲಿ ಕೂತಿದ್ದೆ. ನಾನು ಮಾಡಿದ ಎತ್ತಿನ ಇಣಿಯ ಡುಬ್ಬವನ್ನು ನಮ್ಮಪ್ಪ ಬಗ್ಗಿ ಸರಿಮಾಡುತ್ತಿದ್ದರು. ರೋಗ ವಂಶದ್ದೇ.

ಕಣ್ಣು ಬಿಟ್ಟರೆ ಗಿರಿಜೆಯ ಜೋಡಿಯಲ್ಲಿ ಒಂದು ಎತ್ತು ನಿಂತಿದೆ, ಇನ್ನೊಂದು ನೆಲಕ್ಕೆ ಹೊಟ್ಟೆ ಹಚ್ಚಿ ಬಿದ್ದಿದೆ. ಕಣ್ಣೂ ಇಲ್ಲ. ಪಾಪ, ಮಣ್ಣು ನೀರಾಗಿ ಕುಸಿದಿದೆ, ಕಣ್ಣಿಗೆ ಗುಲಗಂಜಿ ಇಡುವುದನ್ನೂ ಮರೆತಿದ್ದಾಳೆ ಎಂದುಕೊಂಡೆ. ಹೊಟ್ಟೆಗೆ ನಾಲ್ಕು ಕಡ್ಡಿ ಚುಚ್ಚಿ ನಿಲ್ಲಿಸಿದೆ. ಒಂದು ಗುಲಗಂಜಿಯನ್ನೂ ಒತ್ತಿದೆ.

"ಯಪ್ಪಾ, ಎಬ್ಬಿಸಬ್ಯಾಡ! ಉತ್ತು ಉತ್ತು ದಣದು ಮಲಗೈತೆ!"

ಇಡೀ ಓಣಿಗೆ ಕೇಳುವ ದನಿ. ಅರಿಶಿನದ ಬಟ್ಟಲು ಹಿಡಿದಿದ್ದ ಪಕ್ಕದ ಮನೆಯ ರುದ್ರಮ್ಮನವರು, "ಅಯ್ಯ ಶಿವನೇ, ಈ ಹುಡುಗಿಗೆ ಇಷ್ಟು ಗಂಟಲೈತಾ!" ಎಂದು ಅಲ್ಲೇ ನಿಂತರು.

"ನಿಂತ್ಕಳದಿದ್ರೆ ಪೂಜೆ ಮಾಡಾದು ಹೆಂಗವ್ವಾ?" ಎಂದೆ ಮೆಲ್ಲಗೆ.

"ಮಲಗಿದ್ದಕ್ಕೇ ಮಾಡು. ನಿಂಗೆ ಎಲ್ಲಾರೂ ಎದ್ದು ನಿಂತಿರ್ಬೇಕು. ಸಾಲ್ಯಾಗೂ ಹಂಗೇ ಅಂತೀಯ. ನಿಂತ್ರೆ ಎಲ್ಲಾರೂ ನನ್ನೇ ನೋಡ್ತಾರೆ, ಪದ್ಯ ಓಡಿ ಹೋಗ್ತೈತೆ!"

ಒಂದು ವರ್ಷದಿಂದ ಹುಡುಕುತ್ತಿದ್ದ ಕಾಯಿಲೆ ನಾನೇ ಆಗಿದ್ದೆ. ಕಡ್ಡಿ ಕಿತ್ತೆ, ಕಣ್ಣು ಕಿತ್ತೆ, ಎತ್ತನ್ನು ಮತ್ತೆ ಮಲಗಿಸಿದೆ. ರುದ್ರಮ್ಮನವರು ಅದಕ್ಕೆ ಎಚ್ಚರವಾಗದಂತೆ ಗಂಟೆಯನ್ನು ಮೆಲ್ಲಗೆ ಆಡಿಸಿದರು.

ಮರುದಿನ ತರಗತಿಯಲ್ಲಿ, "ಗಿರಿಜಾ, ಕೂತೇ ಪದ್ಯ ಹೇಳು" ಎಂದೆ. ಅವಳು ನೆಲದ ಮೇಲೆ ಬೆರಳಾಡಿಸುತ್ತ, ಅಲ್ಲೇನೋ ಮಾಡುತ್ತಿರುವಂತೆ, ಶುರು ಮಾಡಿದಳು. ಒಂದು ಮುಗಿಯಿತು, ಇನ್ನೊಂದು ಮುಗಿಯಿತು, ಮಗ್ಗಿಯೂ ಬಂತು. ಹಿಗ್ಗಿಗೆ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಹಳೆಯ ಬಾಯಿ ತಾನಾಗಿ ತೆರೆಯಿತು: "ಭೇಷ್! ಸಾಕು, ಕೂತ್ಕೋ."

"ಕುಂತೇ ಅದೀನಲ್ರೀ ಸಾ."

ತರಗತಿಗೆ ತರಗತಿಯೇ ಗೊಳ್ಳೆಂದಿತು. ನಾನು ಆ ಕಡೆ ತಿರುಗಿ, ಏನೂ ಬರೆದಿರದ ಬೋರ್ಡನ್ನು ಬಹಳ ಹೊತ್ತು ಒರೆಸಿದೆ.