ಜ್ವರದವ್ವನ ಬುಟ್ಟಿ

ಊರಿಗೆ ಬ್ಯಾನಿ ಬಂತಂದ್ರ ಮೈಗಿಂತ ಮೊದಲು ಮಂದಿ ತಲಿ ಕೆಡತೈತಿ. ಪ್ಲೇಗಿನ್ಯಾಗ ನೋಡೇನಿ, ಕಾಲರಾದಾಗ ನೋಡೇನಿ. ಆದ್ರ ಎರಡನೇ ಮಹಾಯುದ್ಧದ ಕಾಲಕ್ಕ ನೆಗಡಿ, ಕೆಮ್ಮು, ಮೈಕೈ ನೋವು ಎಲ್ಲಾ ಕೂಡಿಸಿಕೊಂಡು ಒಂದು ಹೊಸಾ ಜ್ವರ ಬಂತಲ್ಲ, ಆವಾಗ ನೋಡಿದ ತಮಾಷಿ ಮತ್ತ ಎಂದೂ ನೋಡಲಿಲ್ಲ. ಈಗೂ ನೆನಸಿಕೊಂಡು ನಗತೇನಿ. ನಗಲಿಲ್ಲಂದ್ರ ಹಲ್ಲು ಕಡೀಬೇಕಾಗತೈತಿ, ಬಡವನ ಸಿಟ್ಟು ದವಡಿಗೆ ಮೂಲ.

ನಾನು ಊರ ವಾಲೀಕಾರ. ಡಂಗುರ ಸಾರೂದು, ಗೌಡ್ರ ಹುಕುಂ ಮನಿಮನಿಗೆ ಮುಟ್ಟಸೂದು, ಊರಿಗೆ ಬ್ಯಾಡಾದದ್ದನ್ನ ಹೊತಗೊಂಡು ಹೋಗಿ ಸೀಮಿ ದಾಟಸೂದು, ಇವು ನನ್ನ ಕೆಲಸ. ನಮ್ಮೂರು ಶಿಗ್ಗಾಂವಿ ತಾಲೂಕಿನ ಕಡೀ ಊರು. ಹಳ್ಳ ದಾಟಿದ್ರ ಸವಣೂರು ನವಾಬರ ರಾಜ್ಯ. ಊರೊಳಗ ಹೋಗಾಕ ಒಂದು ಅಗಸಿ ಬಾಗಲಾ ಐತಿ. ನಮ್ಮ ಕೇರಿ ಆ ಅಗಸಿ ಹೊರಗ. ಯಾಕ ಹೊರಗ ಅಂತ ನೀವು ಕೇಳೂದು ಬ್ಯಾಡ, ನಿಮಗ ಗೊತ್ತೈತಿ.

ತಪಕೀರಿನ ಡಬ್ಬಿ

ಜ್ವರ ರೈಲಿನ್ಯಾಗ ಬಂತು ಅಂತ ಸುದ್ದಿ ಆತು. ಹುಬ್ಬಳ್ಳಿಗೆ ದುಡಿಯಾಕ ಹೋಗಿದ್ದ ಮಂದಿ ಯಲವಿಗಿ ಟೇಶನ್ನಿನ್ಯಾಗ ಇಳದು, ಸೀನಕೋತ ಸೀನಕೋತ ಊರಿಗೆ ಬರಾಕತ್ತಿದ್ರು. ಗೌಡ್ರು ನನ್ನ ಕೈಯಾಗ ಒಂದು ಕೋಲು ಕೊಟ್ಟು ಅಗಸಿ ಮುಂದ ನಿಂದ್ರಿಸಿದ್ರು.

"ಲೇ, ಸೀನಿದಾಂವ ಯಾವನ ಇರಲಿ, ಒಳಗ ಬಿಡಬ್ಯಾಡ. ನಮ್ಮಪ್ಪ ಎದ್ದು ಬಂದ್ರೂ ಬಿಡಬ್ಯಾಡ."

"ಸೀನಿದವ್ರು ಎಲ್ಲಿಗೆ ಹೋಗಬೇಕ್ರಿ ಗೌಡ್ರ?"

"ನಿಮ್ಮ ಕೇರಿ ಮುಂದ ಬೇವಿನ ಗಿಡದ ಕೆಳಗ ಇರಲಿ. ಅದು ಊರ ಹೊರಗ ಐತೆಲ್ಲ."

ಹಂಗ ಊರಿನ ಸೀನೆಲ್ಲಾ ಬಂದು ನಮ್ಮ ಮನಿ ಮುಂದ ಕುಂತ್ವು. ಒಂದು ಸಂಜೀಮುಂದ ಶಿಗ್ಗಾಂವಿಗೆ ಹೋಗಿದ್ದ ಗೌಡ್ರು ಚಕ್ಕಡಿ ಇಳದು ಬಂದ್ರು. ಅಗಸಿಯೊಳಗ ಕಾಲು ಇಡೂದಕ್ಕೂ "ಆಕ್ಷೀ" ಅಂತ ಸೀನೂದಕ್ಕೂ ಸರಿಹೋತು. ನಾನು ಕೋಲು ಅಡ್ಡ ಹಿಡದೆ.

"ಲೇ, ತಗೀ ಕೋಲು!"

"ಹುಕುಂ ನಿಮ್ದ ಐತ್ರಿ ಎಪ್ಪಾ. ನಿಮ್ಮಪ್ಪಗೂ ಬಿಡಬ್ಯಾಡ ಅಂದೀರಿ."

ಗೌಡ್ರ ಮಾರಿ ಕೆಂಪಾತು. ಕಿಸೇಕ ಕೈ ಹಾಕಿ, ಮೂಗಿಗೇರಸೂ ತಪಕೀರಿನ ಡಬ್ಬಿ ತಗದು ನನ್ನ ಮುಂದ ಹಿಡದ್ರು. "ಇದು ಜ್ವರದ ಸೀನಲ್ಲಲೇ, ತಪಕೀರಿನ ಸೀನು!"

ಡಬ್ಬಿ ಇದ್ದವರ ಸೀನಿಗೆ ಅಡ್ಡಿಯಿಲ್ಲ ಅಂತ ಅಲ್ಲೇ ಹುಕುಂ ತಿದ್ದಿದ್ರು. ಮರುದಿನದಿಂದ ಊರೊಳಗ ಬರೂ ಒಬ್ಬೊಬ್ಬನ ಕೈಯಾಗೂ ಒಂದು ತಪಕೀರಿನ ಡಬ್ಬಿ. ಮೈ ಕೆಂಡ ಆಗೇತಿ, ಕಾಲು ನಡಗಾಕತ್ತಾವು, ಆದ್ರ ಡಬ್ಬಿ ಐತಿ. ನಾನು ಕೋಲು ತಗದು ಮುಜರೆ ಮಾಡಿ ಒಳಗ ಬಿಡತಿದ್ದೆ. ಡಬ್ಬಿ ಸಿಗದ ಬಡವರಷ್ಟ ಬೇವಿನ ಗಿಡದ ಕೆಳಗ ಉಳದ್ರು. ಅವರಿಗೆ ನೀರು ನಿಡಿ ಕೊಟ್ಟಾಕಿ ನನ್ನ ಹೆಂಡತಿ. ವಾರ ಆಗೂದರಾಗ ಆಕೀನೂ ಹಾಸಿಗಿ ಹಿಡದ್ಲು. ಆಕಿ ಹಂತ್ಯಾಕ ಡಬ್ಬಿ ಇರಲಿಲ್ಲ.

ಬೀಗರ ಬೊಗಸಿ

ಒಬ್ಬರಿಂದ ಒಬ್ಬರು ದೂರ ನಿಂದ್ರಬೇಕು, ಒಬ್ಬರ ಚರಗಿ ಇನ್ನೊಬ್ಬರು ಮುಟ್ಟಬಾರದು ಅಂತ ಸರಕಾರದ ಹುಕುಂ ಬಂತು. ಡಂಗುರ ಸಾರಿದೆ. ನಮ್ಮ ಕೇರ್ಯಾಗ ಮಾತ್ರ ಸಾರಲಿಲ್ಲ. ಅಜ್ಜ ಮುತ್ತಜ್ಜನ ಕಾಲದಿಂದ ನಮ್ಮನ್ನ ಹಂಗ ದೂರ ನಿಂದ್ರಿಸ್ಯಾರ, ಹೊಸದಾಗಿ ಕಲಸೂದೇನಿತ್ತು?

ಊರೊಳಗಿನವ್ರು ಮಾತ್ರ ಭಾಳ ಬೆರಕಿ, ಒಂದ ದಿನಕ್ಕ ಕಲತ್ರು. ಗೌಡ್ರ ಅವ್ವಂತೂ ಎಲ್ಲಾರಕಿಂತ ಮುಂದ. ಆ ಹೊತ್ತಿನ್ಯಾಗ ಹಾನಗಲ್ಲ ಕಡೆಯಿಂದ ಗೌಡ್ರ ಮಗಳನ್ನ ತಗೊಳ್ಳೂ ಬೀಗರು ಬಂದ್ರು, ಲಗ್ನದ ದಿನಾ ಗೊತ್ತು ಮಾಡಾಕ. ಚಕ್ಕಡ್ಯಾಗ ಒಂದು ಚೀಲ ಹೊಸಾ ಅಕ್ಕಿ ತಂದಿದ್ರು. ಹಿರೇ ಬೀಗರು ಇಳಕೋತನ ಒಂದೀಟು ಕೆಮ್ಮಿದ್ರು. ಮುಗೀತು ಕಥಿ. ಗೌಡ್ರ ಅವ್ವ ಅವರನ್ನ ಅಂಗಳದಾಗ ನಿಂದ್ರಿಸಿದ್ಲು.

"ಬಾಯಾರಿಕಿ ಆಗೇತಿ, ನೀರು ಕೊಡ್ರಿ," ಅಂದ್ರು ಬೀಗರು.

"ಬೊಗಸಿ ಒಡ್ಡ್ರಿ," ಅಂದು ಮುದುಕಿ ಮ್ಯಾಲಿಂದ ನೀರು ಸುರವಿದ್ಲು.

ಬೀಗರು ಹಾವು ತುಳದವರಂಗ ಹಾರಿದ್ರು. "ಏನಂತ ತಿಳದೀರಿ ನಮ್ಮನ್ನ? ಮನಶ್ಯಾರಿಗೆ ಯಾರರ ಹಿಂಗ ನೀರು ಕೊಡತಾರೇನ್ರಿ?"

ಅದ ಅಂಗಳದ ಮೂಲ್ಯಾಗ ನಾನೂ ಬೊಗಸಿ ಒಡ್ಡಿಕೊಂಡು ನೀರಿಗೆ ಕಾಯಾಕತ್ತಿದ್ದೆ. ಬಂದ ಬೀಗರ ಎತ್ತು ಬಿಚ್ಚಿ ಕಟ್ಟಿದಾಂವ ನಾನ. ಮುದುಕಿ ಉಳದ ನೀರನ್ನ ನನ್ನ ಬೊಗಸಿಗೆ ಸುರವಿದ್ಲು, ನಾನು ಗಟಗಟ ಕುಡದೆ. ಬೀಗರು ನನ್ನ ಕೈ ನೋಡಿದ್ರು, ತಮ್ಮ ಕೈ ನೋಡಿಕೊಂಡ್ರು, ಚಕ್ಕಡಿ ಹೂಡಿದ್ರು. ಲಗ್ನ ಮುರೀತು.

ಸಿಟ್ಟಿನ ಗಡಿಬಿಡ್ಯಾಗ ಅಕ್ಕಿ ಚೀಲ ಅಲ್ಲೇ ಬಿಟ್ಟು ಹೋಗಿದ್ರು. "ಕೆಮ್ಮಿದವರು ತಂದದ್ದು, ಅದರಾಗ ಜ್ವರ ಐತಿ, ಒಳಗ ತರಬ್ಯಾಡ್ರಿ," ಅಂದ್ಲು ಮುದುಕಿ. ಅವತ್ತಿನಿಂದ ಆ ಚೀಲಾನೂ ನನ್ನಂಗ ಅಂಗಳದ ಮೂಲ್ಯಾಗ ಕುಂತಿತು.

ಪಚನದ ಮಾತು

ಮನ್ಯಾಗ ಹೆಂಡತಿ ಜ್ವರ ಇಳೀಲಿಲ್ಲ. ಜ್ವಾಳದ ನುಚ್ಚು ಬಾಯಿಗೆ ಇಟ್ರ ವಾಂತಿ ಮಾಡಿಕೊಳ್ತಿದ್ಲು. "ಅಕ್ಕಿ ಗಂಜಿ ಇದ್ರ ಒಂದೀಟು ಕೊಡ," ಅಂತಿದ್ಲು. ಆ ಮಾತು ಕೇಳಿ ನಮ್ಮವ್ವನ ನೆನಪು ಆಗತಿತ್ತು. ಮೊದಲಿನ ಮಹಾಯುದ್ಧದ ಕಡೀಕ ಬಂದಿತ್ತಲ್ಲ ದೊಡ್ಡ ಜ್ವರ, ಅದರಾಗ ನಮ್ಮವ್ವ ಹಿಂಗ ಅಕ್ಕಿ ಗಂಜಿ ಬೇಡಿ ಬೇಡಿ ಕಣ್ಣು ಮುಚ್ಚಿದ್ಲು. ಯುದ್ಧದ ಕಾಲದಾಗ ನಮ್ಮಂಥವರಿಗೆ ಅಕ್ಕಿ ಎಲ್ಲಿಂದ ಬರಬೇಕು?

ಶಿಗ್ಗಾಂವಿಯಿಂದ ಸರಕಾರಿ ಡಾಕ್ಟರ್ ಸಾಹೇಬ್ರು ಬಂದ್ರು. ಸೂಜಿ ಚುಚ್ಚತಾರಂತ ಊರ ಮಂದಿ ಎಲ್ಲಾ ಹೊಲಕ್ಕ ಓಡಿ ಹೋಗಿದ್ರು. ಮನಿಮನಿಗೆ ಕೀಲಿ. ಓಡಾಕ ಆಗದ ಮಲಗಿದಾಕಿ ಅಂದ್ರ ನನ್ನ ಹೆಂಡತಿ, ಓಡಿದ್ರ ಮಾನ ಹೋಗತೈತಂತ ಉಳದವರು ಅಂದ್ರ ಗೌಡ್ರು. ಡಾಕ್ಟರ್ ಗೌಡ್ರನ್ನ ಕರಕೊಂಡು ನಮ್ಮ ಮನಿಗೆ ಬಂದು ಆಕಿ ಕೈನಾಡಿ ಹಿಡದು ನೋಡಿದ್ರು. ಹಂಗ ಮುಟ್ಟಿ ನೋಡಿದ್ದಕ್ಕ ನನ್ನ ಕಣ್ಣಾಗ ನೀರು ಬಂತು.

"ಇಕಿಗೆ ಔಷಧಕ್ಕಿಂತ ಹೊಟ್ಟಿಗೆ ಬೇಕು. ಅಕ್ಕಿ ಗಂಜಿ ಕುಡಸ್ರಿ, ಬದುಕತಾಳ. ಗೌಡ್ರ, ಒಂದೀಟು ಅಕ್ಕಿ ಕೊಡಸ್ರಿ."

"ಅದೇನು ಹೇಳತೀರಿ ಸಾಹೇಬ್ರ, ಇಕಿ ನನ್ನ ಮಗಳಿದ್ದಂಗ," ಅಂದ್ರು ಗೌಡ್ರು.

ಡಾಕ್ಟರರ ಚಕ್ಕಡಿ ಅತ್ತಾಗ ಹೋಗೂದ ತಡ, ನಾನು ಕೈ ಮುಗದು ನಿಂತೆ. "ಗೌಡ್ರ, ಆ ಬೀಗರ ಚೀಲದಾಗಿನ ಅಕ್ಕಿ..."

"ಅದು ಜ್ವರದವ್ವಗ ಮೀಸಲು. ಅದರ ಮ್ಯಾಲ, ಡಾಕ್ಟರ್ ಪ್ಯಾಟಿ ಮನಶ್ಯಾ, ಅವರಿಗೇನು ಗೊತ್ತು? ನಿಮ್ಮ ಮಂದಿಗೆ ಅಕ್ಕಿ ಪಚನ ಆಗೂದಿಲ್ಲೋ. ನಿನ್ನ ಹೆಂಡತಿ ಮ್ಯಾಲಿನ ಕಾಳಜೀಲೆ ಹೇಳಾಕತ್ತೇನಿ."

ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಂಗಾತು.

ಬುಟ್ಟಿ

ಜ್ವರದವ್ವ ಅಂದ್ರ ಯಾರು ಅಂತೀರಿ? ಹೊಸಾ ಜ್ವರಕ್ಕ ಹೆಸರಿರಲಿಲ್ಲ, ಹಿರ್ಯಾರು ಕೂಡಿ ಇಟ್ಟ ಹೆಸರು ಅದು. ಆಕೀಗೆ ಬುಟ್ಟಿ ತುಂಬಿ ಊರ ಸೀಮಿ ದಾಟಿಸಿ ಬಂದ್ರ ಜ್ವರ ಹೋಗತೈತಿ ಅಂತ ನಂಬಿಗಿ. ಸೀಮಿ ಆಚೀ ಊರವರು ಸುಮ್ಮನಿರತಾರೇನು? ಅದ ಬುಟ್ಟಿ ಎತ್ತಿ ಮುಂದಿನೂರಿನ ಸೀಮ್ಯಾಗ ಇಡತಾರ. ಹಿರೇಕೆರೂರ ಕಡೆ ಮಾಸೂರಿನಿಂದ ಹಿಡದು ಹಾನಗಲ್ಲ, ಶಿಗ್ಗಾಂವಿ, ಸವಣೂರು ತನಕ ಎಲ್ಲಾ ಊರವರು ತಮ್ಮ ಜ್ವರಾನ ಮಗ್ಗಲೂರಿಗೆ ಬಿಟ್ಟು ಬಂದು ಆರಾಮ ಮಲಗಿದ್ರು. ಇತ್ತ ಮಗ್ಗಲೂರಿನ ಜ್ವರ ಇವರ ಸೀಮ್ಯಾಗ ಬಂದು ಕುಂತಿರತಿತ್ತು.

ನಮ್ಮೂರ ಬುಟ್ಟಿ ತುಂಬಿದ್ರು. ಹಸರ ಸೀರಿ, ಬಳಿ, ಬೇವಿನ ಸೊಪ್ಪು, ಬೆಲ್ಲದ ಹೆಂಟಿ, ಮ್ಯಾಲ ಬೀಗರ ಚೀಲದ ಹೊಸಾ ಅಕ್ಕಿ. ಜ್ವರಕ್ಕ ಅಕ್ಕಿ, ಜ್ವರ ಬಂದಾಕಿಗೆ ಏನೂ ಇಲ್ಲ. ಬುಟ್ಟಿ ಹೊರಾಂವ ಯಾರು? ಆಕಿ ಗಂಡ.

ಡೊಳ್ಳು ಬಾರಸಕೋತ ಹಳ್ಳದ ತನಕ ಬಂದ್ರು. ಇದಕ್ಕ ಒಂದು ಕಟ್ಟಳಿ ಐತಿ. ಬುಟ್ಟಿ ಹಳ್ಳ ದಾಟಿದ ಮ್ಯಾಲ ಯಾರೂ ಹೊಳ್ಳಿ ನೋಡಬಾರದು, ನೋಡಿದವನ ಬೆನ್ನು ಹತ್ತಿ ಜ್ವರದವ್ವ ಮನಿಗೆ ಬರತಾಳ. ಗೌಡ್ರು, ಹಿರ್ಯಾರು, ಡೊಳ್ಳಿನವರು, ಎಲ್ಲಾರೂ ಒಮ್ಮೆಲೆ ನನಗ ಬೆನ್ನು ಮಾಡಿ ಊರ ಕಡೆ ನಡದ್ರು. ನಾನು ಒಬ್ಬನ ಉಳದೆ.

ಆಚೀ ದಂಡ್ಯಾಗ ಆ ಊರ ವಾಲೀಕಾರ ನಿಂತಿದ್ದ. ಅಂವ ನನ್ನ ಹೆಂಡತಿ ಅಣ್ಣ.

"ತಂಗಿ ಹೆಂಗದಾಳೋ?"

"ಗಂಜಿ ಬೇಡಾಕತ್ತಾಳ."

ಅಂವ ಬುಟ್ಟಿ ನೋಡಿದ, ನನ್ನ ಮಾರಿ ನೋಡಿದ. ತನ್ನ ಹೆಗಲ ಮ್ಯಾಲಿನ ವಸ್ತ್ರ ನೆಲಕ್ಕ ಹಾಸಿದ. "ಜ್ವರದವ್ವಗ ಹಸಿವಿಲ್ಲ, ನಾ ಕೇಳೇನಿ. ಸುರವು," ಅಂದ.

ಅಕ್ಕಿ, ಬೆಲ್ಲ ಗಂಟು ಕಟ್ಟಿ ನಾ ಮನೀಗೆ ಬಂದೆ, ಸೀರಿ ಬಳಿ ಇದ್ದ ಬುಟ್ಟಿ ಹೊತ್ತು ಅಂವ ಮುಂದಿನೂರಿಗೆ ನಡದ. ಗಂಜಿ ಕಾಸಿ ಕುಡಿಸಿದೆ. ಹೊಟ್ಟ್ಯಾಗ ನಿಂತಿತು. ನಾಕ ದಿನದಾಗ ಆಕಿ ಗ್ವಾಡಿಗೆ ಆನಿಕೊಂಡು ಎದ್ದು ಕುಂತ್ಲು. ಪಚನ ಆಗಲಿಲ್ಲ ಅನ್ನೂ ಮಾತು ಬರಲಿಲ್ಲ.

ಅಷ್ಟರಾಗ ಗೌಡ್ರ ಅವ್ವಗ ಚಳಿ ಬಂತು. ಕಂಬಳಿ ಹೊತಗೊಂಡು ನನ್ನ ಕರೆ ಕಳಿಸಿದ್ಲು. "ಬುಟ್ಟಿ ಮುಟ್ಟಿತೋ ಇಲ್ಲೋ? ಜ್ವರದವ್ವ ಶಾಂತ ಆಗಲಿಲ್ಲಲ್ಲೋ!"

"ಮುಟ್ಟೈತ್ರಿ ಎವ್ವಾ. ಅಕ್ಕಿ ಒಂದು ಕಾಳು ಉಳೀಲಿಲ್ಲರಿ. ಆದ್ರ ತುಪ್ಪಾ ಇರಲಿಲ್ಲಲ್ಲರಿ, ಅದಕ್ಕ ಸಿಟ್ಟು ಮಾಡ್ಯಾಳಂತ್ರಿ."

ಮರುದಿನಾನ ಎರಡನೇ ಬುಟ್ಟಿ ತಯಾರಾತು. ಈ ಸಲ ಅಕ್ಕಿ ಡಬಲ್, ಬೆಲ್ಲ ಡಬಲ್, ಒಂದು ಗಡಿಗಿ ಆಕಳ ತುಪ್ಪ. ಡೊಳ್ಳು ಬಾರಿಸಿದ್ರು, ಹಳ್ಳಕ್ಕ ಬಂದ್ರು, ಬೆನ್ನು ಮಾಡಿದ್ರು.

ಆವತ್ತ ನಮ್ಮ ಮನ್ಯಾಗ ಅನ್ನ ಆತು. ಬಿಸಿ ಅನ್ನ, ಮ್ಯಾಲ ತುಪ್ಪ, ಬದೀಗೆ ಬೆಲ್ಲ. ಆಕಿ ಹುಟ್ಟಿದಾಗಿಂದ ತುಪ್ಪಾ ಮೂಸಿ ನೋಡಿದ್ಲೇ ಹೊರತು ಉಂಡಿರಲಿಲ್ಲ. ಹೊಟ್ಟಿ ತುಂಬ ಉಂಡ್ಲು. ತಾಟು ಒರಸಿ, ಬಟ್ಟು ನೆಕ್ಕಿ, ನನ್ನ ಮಾರಿ ನೋಡಿ ಕೇಳಿದ್ಲು:

"ಅಲ್ಲ, ಈ ಜ್ವರ ಬರೂ ವರ್ಷನೂ ಬರತೈತೇನು?"