ಹುಣಸೆ ಮರದ ಬುಡದ ಕಂದು ಚುಕ್ಕೆ

...ಅಥವಾ "ಚಿತ್ರಾನ ವೆಕ್ಟರ್ ಮಾಡಿಬಿಡೋಣ" ಎಂದವಳು ಸುಧಾಳೇ ಇರಬಹುದೇ? ಹಾಗೆಂದು ನೆನೆದರೆ ನನಗೆ ಹಾಯೆನಿಸುತ್ತದೆ. ಅದಕ್ಕೇ ಆ ನೆನಪಿನ ಮೇಲೆ ನನಗೆ ಅನುಮಾನ. ನನಗೆ ಅನುಕೂಲವಾದ ನೆನಪುಗಳೆಲ್ಲ ಹೀಗೆ ಅಂಚು ಚೊಕ್ಕವಾಗಿಯೇ ಬರುತ್ತವೆ. ಅಂದದ್ದು ನಾನೇ ಇರಬೇಕು.

ದೇವನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಕೂತು ನಾನು ಸಣ್ಣ ಅನಿಮೇಷನ್ ಚಿತ್ರಗಳನ್ನು ಮಾಡುತ್ತೇನೆ. ಹಿನ್ನೆಲೆಗಳನ್ನು ಹೆಂಡತಿ ಸುಧಾ ಜಲವರ್ಣದಲ್ಲಿ ಬರೆದುಕೊಡುತ್ತಿದ್ದಳು. ಆ ಸಲ ಬೇಕಿದ್ದದ್ದು ಅವಳ ತವರು ನಲ್ಲೂರಿನ ಹುಣಸೆ ತೋಪು. ಅವಳ ಹಾಳೆಯನ್ನು ಸ್ಕ್ಯಾನ್ ಮಾಡಿ ಪರದೆಗೆ ತಂದೆ. ದೂರದಿಂದ ನೋಡಿದರೆ ನೆರಳು ಮೈಗೆ ತಣ್ಣಗೆ ತಾಗುವಂತಿತ್ತು. ಆದರೆ ನನ್ನ ಕ್ಯಾಮೆರಾ ಒಂದು ಮರದ ಪೊಟರೆಯವರೆಗೂ ಹೋಗಬೇಕಿತ್ತು. ಹತ್ತಿರ ಹೋದಂತೆ ಮರ ಒಡೆದು ಚೌಕ ಚೌಕವಾಯಿತು. ಸ್ಕ್ಯಾನ್ ಮಾಡಿದ ಇಂಥ ಚುಕ್ಕೆಗಳ ಚಿತ್ರಕ್ಕೆ ರಾಸ್ಟರ್ ಎನ್ನುತ್ತಾರೆ. ರಾಸ್ಟರ್ ಎಂದರೆ ಅಂಗಳಕ್ಕೆ ಬಿದ್ದ ರಂಗೋಲಿ ಪುಡಿ. ಮೂಗು ತಾಗಿಸಿ ನೋಡಿದರೆ ಬರೀ ಪುಡಿ. ವೆಕ್ಟರ್ ಎಂದರೆ ರಂಗೋಲಿ ಹಾಕುವವಳ ತಲೆಯೊಳಗಿನ ಗೆರೆಯ ಲೆಕ್ಕ. ಹೊಸಿಲಿಗೂ ಸರಿ, ಬೀದಿಯಗಲಕ್ಕೂ ಸರಿ, ಎಷ್ಟು ಹಿಗ್ಗಿಸಿದರೂ ಒಡೆಯದು.

"ದೊಡ್ಡ ಹಾಳೇಲಿ ಇನ್ನೊಂದ್ ಸಲ ಬರ್ಕೊಡ್ತೀನಿ, ಸ್ವಲ್ಪ ತಡೀರಿ," ಎಂದಳು ಸುಧಾ. ತಡೆಯುವುದು ನನ್ನ ಜಾಯಮಾನವಲ್ಲ. ಚಿತ್ರವನ್ನು ಗೆರೆಗಳನ್ನಾಗಿಸುವ ಸಾಫ್ಟ್‌ವೇರ್ ಹೊಸದಾಗಿ ಹಾಕಿಕೊಂಡಿದ್ದೆ, ಕೈ ತುರಿಸುತ್ತಿತ್ತು. ಸಣ್ಣ ಚುಕ್ಕೆಗಳನ್ನು ತೆಗೆದುಹಾಕಲೇ ಎಂದು ಅದು ಕೇಳಿತು. ತೆಗಿ ಎಂದೆ. ಮರ ಲಕ್ಷಣವಾಗಿ ಬಂತು, ಮದುವೆಗೆ ಕ್ಷೌರ ಮಾಡಿಸಿಕೊಂಡ ಗಂಡಿನ ಹಾಗೆ. ಸುಧಾ ನೋಡಿ "ಚೆನ್ನಾಗಿದೆ" ಎಂದಳು. ನೆಂಟರ ಮನೆಯ ಉಪ್ಪಿಲ್ಲದ ಸಾರಿಗೂ ಅವಳು ಅದನ್ನೇ ಹೇಳುತ್ತಾಳೆ.

ಆಗ ಅತ್ತೆ ನಮ್ಮಲ್ಲೇ ಇದ್ದರು. ವರ್ಷಕ್ಕಾಗುವಷ್ಟು ಹುಣಸೆಹಣ್ಣಿನ ಬೀಜ ಬಿಡಿಸಲು ದಪ್ಪ ಕಾಗದವೊಂದು ಬೇಕಿತ್ತು. ಕೆಲಸ ಮುಗಿಯಿತಲ್ಲ ಎಂಬ ಧಾರಾಳದಲ್ಲಿ ಸುಧಾಳ ಹಾಳೆಯನ್ನು ನಾನೇ ಹಾಸಿ, ನಾನೇ ಹಣ್ಣು ಸುರಿದೆ. ಮೆಚ್ಚಿನ ಅಳಿಯ ನಾನು.

ಚಿತ್ರ ಸಿದ್ಧವಾದಾಗ ಅತ್ತೆಗೂ ತೋರಿಸಿದೆ. ಎರಡು ಸಲ ನೋಡಿ ಕೇಳಿದರು: "ಏನಪ್ಪಾ, ಮರದ ಬುಡ್ದಲ್ಲಿ ನಿಮ್ಮಾವ ಕುಂತಿದ್ರಲ್ಲ, ಎಲ್ಲೋದ್ರು?"

ಮಾವ ತೀರಿಕೊಂಡು ವರ್ಷವಾಗಿತ್ತು.

"ಯಾವ ಮಾವ ಅತ್ತೆ?"

"ಇನ್ಯಾವ ಮಾವ! ತಲೆ ಮ್ಯಾಲೆ ಟವಲ್ ಹಾಕ್ಕಂಡು, ದನ ಮೇಯಕ್ಕೆ ಬಿಟ್ಟು ಕುಂತ್ಕಳೋರಲ್ಲ, ಹಂಗೇ ಇದ್ರು. ಇವ್ಳು ಬರೆಯೋವಾಗ ನೋಡಿದ್ದೆ ಕಣಪ್ಪಾ."

ಹಳೆಯ ಸ್ಕ್ಯಾನ್ ತೆಗೆದೆ. ಬುಡದಲ್ಲಿ ಒಂದು ಕಂದು ಚುಕ್ಕೆ ಇತ್ತು. ಹಿಗ್ಗಿಸಿದರೆ ಕಂದು ಚೌಕಗಳು, ಮೇಲೊಂದು ಬಿಳಿಚಿದ ಚೌಕ. ಅದು ಟವಲ್ ಇರಬಹುದು. ನನ್ನ ಟೀ ಹನಿಯೂ ಇರಬಹುದು. ಲೋಟವನ್ನು ಅವಳ ಹಾಳೆಗಳ ಮೇಲೆಯೇ ಇಡುವುದು ನನ್ನ ಅಭ್ಯಾಸ. ಅಡುಗೆಮನೆಗೆ ಓಡಿ ಮೂಲ ಹಾಳೆ ಹುಡುಕಿದೆ. ಸಿಕ್ಕಿತು. ಹುಣಸೆಯ ಅಂಟಿನಿಂದ ತೋಪಿನ ತುಂಬ ಕಂದು ಚುಕ್ಕೆಗಳು. ಮರಕ್ಕೊಬ್ಬರಂತೆ ಮಾವಂದಿರು ಕೂತಿದ್ದರು.

ಸುಧಾಳನ್ನೇ ಕೇಳಿದೆ. "ತೆಗ್ದೋರು ನೀವು. ಏನೂಂತ ತೆಗೆದ್ರಿ, ನೀವೇ ಹೇಳಿ," ಎಂದು ಅಕ್ಕಿ ಆರಿಸುವುದಕ್ಕೆ ತಿರುಗಿದಳು. ಅಂದಿನಿಂದ ಅವಳು ಕುಂಚ ಹಿಡಿದಿಲ್ಲ. ಹಿನ್ನೆಲೆಗಳನ್ನು ಈಗ ನಾನೇ ಮಾಡುತ್ತೇನೆ. ಎಷ್ಟು ಹತ್ತಿರ ಹೋದರೂ ಒಡೆಯುವುದಿಲ್ಲ, ಹತ್ತಿರ ಹೋಗಿ ನೋಡುವಂಥದ್ದೂ ಏನಿಲ್ಲ. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದ ದಿನ ನನಗೆ ಒಂದು ಗಳಿಗೆ ಸಮಾಧಾನವಾಗಿತ್ತು. ಅಳಿಸಿದ್ದು ಮಾವನನ್ನೋ ಟೀ ಹನಿಯನ್ನೋ, ನನಗೆ ಗೊತ್ತಿಲ್ಲ.