ಭೀಮಣ್ಣ ಸತ್ತ ಸುದ್ದಿ ಅವ್ವನಿಗೆ ಹೇಳಬಾರದು

ಸತ್ತವರ ವಿಷಯ ಹೇಳುವುದೇ ನನ್ನ ಹೊಟ್ಟೆಪಾಡು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇತಿಹಾಸ ಕಲಿಸುತ್ತಿದ್ದೇನೆ. ಯಾವ ಸುಲ್ತಾನ ಎಲ್ಲಿ ಸತ್ತ, ಯಾವ ರಾಜ ಯಾರ ಕೈಯಿಂದ ಸತ್ತ, ಎಲ್ಲವನ್ನೂ ಎಳ್ಳಷ್ಟೂ ಅಳುಕದೆ ಹೇಳಿದ್ದೇನೆ. ಒಂದೇ ತಾಸಿನಲ್ಲಿ ಒಂದಿಡೀ ರಾಜಮನೆತನವನ್ನು ಮುಗಿಸಿ, ಗಂಟೆ ಹೊಡೆದ ಕೂಡಲೇ ರೊಟ್ಟಿ ಬಿಚ್ಚಿ ಕೂತದ್ದೂ ಉಂಟು. ಆದರೆ ಮನೆಯೊಳಗೆ ಒಂದು ಸಾವಿನ ಸುದ್ದಿ ಹೇಳು ಎಂದರೆ ನಾಲಗೆ ಒಣಗುತ್ತದೆ. ಇದು ನನ್ನೊಬ್ಬನ ರೋಗವಲ್ಲ ಬಿಡಿ. ಹೊರಗಿನವರು ನಮ್ಮ ಮಾತು ಖಡಕ್ಕು, ಒರಟು ಅನ್ನುತ್ತಾರೆ. ಸಾವಿನ ವಿಷಯ ಬಂದರೆ ನಮ್ಮಷ್ಟು ಸುತ್ತಿ ಬಳಸಿ ಮಾತಾಡುವವರು ಇನ್ನೊಬ್ಬರಿಲ್ಲ. ಸತ್ತೇ ಹೋಗಿದ್ದರೂ ಫೋನಿನಲ್ಲಿ ‘ಭಾಳ ಸೀರಿಯಸ್ ಅದಾರ, ಲಗೂನ ಬರ್ರಿ’ ಎನ್ನುತ್ತೇವೆ. ಕೇಳಿದವರೂ ತಿಳಿದುಕೊಂಡು, ಟಾವೆಲ್ಲು ಹೆಗಲಿಗೆ ಹಾಕಿ ಬಸ್ಸು ಹತ್ತುತ್ತಾರೆ. ವಯಸ್ಸಾದವರಿಗೆ, ಬೇನೆ ಬಿದ್ದವರಿಗೆ ಅಷ್ಟನ್ನೂ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಈಚೆಗೆ ಹೀಗೆ ಮುಚ್ಚಿಡಬೇಕಾಗಿ ಬಂದದ್ದು ಭೀಮಣ್ಣನ ಸಾವನ್ನು. ಭೀಮಣ್ಣ ನಮ್ಮ ಬೀಗನಲ್ಲ, ಬಳಗದವನಲ್ಲ. ದಿನಾ ಸಂಜೆ ಏಳೂವರೆಗೆ ಟಿ.ವಿ.ಯಲ್ಲಿ ಬರುವ ಹಳೆಯ ಕಾಲದ ಧಾರಾವಾಹಿಯೊಂದರಲ್ಲಿ ದೇಸಾಯರ ವಾಡೆ ಕಾಯುವ ಮುದುಕ. ತಂದೆತಾಯಿ ಇಲ್ಲದ ಸಣ್ಣ ದೇಸಾಯಿಯನ್ನು ವೈರಿಗಳಿಂದ ಉಳಿಸುವುದೇ ಅವನ ಬದುಕು. ಎಂಬತ್ತು ದಾಟಿದ ನನ್ನ ಅವ್ವ ಮತ್ತು ಪಕ್ಕದ ಮನೆಯ ಹುಸೇನಬಿ, ಇಬ್ಬರೂ ಕೂಡಿ ಅವನನ್ನು ನೋಡುತ್ತಿದ್ದರು. ನಾನು ಹಿಂದೆ ಕುರ್ಚಿ ಹಾಕಿಕೊಂಡು, ‘ಆ ಕಾಲಕ್ಕೆ ಸ್ಟೀಲಿನ ಚರಿಗೆ ಎಲ್ಲಿತ್ತು? ಗೋಡೆ ಮೇಲೆ ಸ್ವಿಚ್ ಬೋರ್ಡಿನ ಕಲೆ ನೋಡು’ ಎಂದು ತಪ್ಪು ಹೆಕ್ಕುತ್ತಿದ್ದೆ. ಒಂದು ದಿನ ಅವ್ವ ತಿರುಗಿಯೂ ನೋಡದೆ ಅಂದಳು: “ನೀ ಸುಮ್ನ ಕುಂದ್ರು. ನಿನ್ನ ಪುಸ್ತಕದಾಗಿನವರು ಎಲ್ಲಾರೂ ಸತ್ತಾರ. ಭೀಮಣ್ಣ ಇನ್ನೂ ಬದುಕ್ಯಾನ.” ಆಮೇಲೆ ನಾನು ಚರಿಗೆಯ ಸುದ್ದಿಗೆ ಹೋಗಲಿಲ್ಲ.

ಅಂಥ ಭೀಮಣ್ಣ ಸಾಯುತ್ತಾನೆಂದು ಮೊದಲು ತಿಳಿಸಿದ್ದು ಬಸವನ ಬಾಗೇವಾಡಿಯಲ್ಲಿರುವ ನನ್ನ ತಂಗಿ ಸರೋಜಾ. ಅವ್ವನ ಬಲಗಣ್ಣಿನ ಪೊರೆಯ ಆಪರೇಷನ್ ಆಗಿ ಆಗ ಬರೀ ಎಂಟು ದಿನವಾಗಿತ್ತು. “ಅಣ್ಣಾ, ನಾಳೆ ಶುಕ್ರವಾರ ಭೀಮಣ್ಣ ಸಾಯ್ತಾನ, ಮೊಬೈಲಿನ್ಯಾಗ ಬಂದೈತಿ. ಅವ್ವಗ ತೋರಿಸಬ್ಯಾಡ. ಅತ್ತರ ಕಣ್ಣಾಗಿನ ಲೆನ್ಸ್ ಸರಿತೈತಿ” ಎಂದಳು. ಟಿ.ವಿ. ನೋಡಲು ವೈದ್ಯರ ಅಡ್ಡಿ ಇರಲಿಲ್ಲ. ಅಳಲು ನನ್ನ ತಂಗಿಯ ಅಡ್ಡಿ ಇತ್ತು. ಅವಳ ಮಾತು ಮೀರುವ ಧೈರ್ಯ ನನಗೆ ಸಣ್ಣಂದಿನಿಂದಲೂ ಇಲ್ಲ. ಶುಕ್ರವಾರ ಸಂಜೆ ಟಿ.ವಿ.ಯ ಹಿಂದೆ ಕೈ ಹಾಕಿ ಒಂದು ವೈರು ಕಿತ್ತೆ. “ಡಿಶ್ ಕೆಟ್ಟೈತಿ ಅವ್ವಾ” ಎಂದೆ. ಹುಸೇನಬಿಯ ಮನೆಗೆ ಹೋಗಿ ವಿಷಯ ತಿಳಿಸಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು, “ಯಾ ಅಲ್ಲಾ, ಸಾಯ್ತಾನೇನ್ರಿ?” ಎಂದು ಮೊದಲು ತಾನೇ ಕಣ್ಣೀರು ತಂದುಕೊಂಡಳು. ಆಮೇಲೆ, “ಮಾಸ್ತರ್, ಅಕ್ಕನ ಮುಂದ ಸುಳ್ಳ ಹೇಳಾಕ ನನಗ ಬರೂದಿಲ್ರಿ. ನಾ ಈ ಕಡೆ ಹಾಯೂದೇ ಇಲ್ಲ, ತಗೋರಿ” ಎಂದಳು.

ಭೀಮಣ್ಣ ಹೇಳಿದ ದಿನಕ್ಕೇ ಸತ್ತ. ಮರುದಿನ ಊರು ಊರಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಂದೂ ನಗದ ಗಣಿತದ ಮಾಸ್ತರರು, “ಪಾತ್ರ ಮಾಡಾಂವ ಪಗಾರ ಹೆಚ್ಚಿಗಿ ಕೇಳಿರಬೇಕು, ಅದಕ್ಕ ಕೊಂದಾರ” ಎಂದು ಮೇಜು ಗುದ್ದಿದರು. ಸಿಂದಗಿ ಬಸ್ಸಿನಲ್ಲಿ ಹೆಂಗಸೊಬ್ಬಳು ಭೀಮಣ್ಣನ ಬೆನ್ನಿಗೆ ಚೂರಿ ಹಾಕಿದ, ವಾಡೆಯ ಲೆಕ್ಕಪತ್ರ ನೋಡುವ ಕಾರಭಾರಿಯ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದಳು. ಕಂಡಕ್ಟರು ಟಿಕೆಟ್ ಹರಿಯುವುದು ಬಿಟ್ಟು ಹೂಂಗುಡುತ್ತಿದ್ದ. ಮುದ್ದೇಬಿಹಾಳದ ನನ್ನ ನಾದಿನಿ ರಾತ್ರಿ ಒಲೆ ಹಚ್ಚಲಿಲ್ಲವಂತೆ. ಸರೋಜಾಳ ಅತ್ತೆ ಸೂತಕ ಬಂತೆಂದು ಎದ್ದು ಹೋಗಿ ತಲೆ ಮೇಲೆ ನೀರು ಹಾಕಿಕೊಂಡು ಬಂದರಂತೆ. ನಾನು ಇವೆಲ್ಲ ಕೇಳಿ ನಕ್ಕೆ. ನಗುತ್ತಲೇ, ದಾರಿಯಲ್ಲಿ ಸಿಕ್ಕ ಮನೆಮನೆಗೆ ಕಾಯಿಪಲ್ಲೆ ಮಾರುವ ಗೌರವ್ವನಿಗೆ, “ನಮ್ಮವ್ವನ ಮುಂದ ಬಾಯಿ ಬಿಡಬ್ಯಾಡವಾ” ಎಂದು ಕೈಮುಗಿದೆ. ನಾನೆಂಥ ಶ್ಯಾಣ್ಯಾ ಅನ್ನುವುದು ನಿಮಗೆ ಈಗ ತಿಳಿದಿರಬೇಕು.

ಶನಿವಾರ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದ ಅವ್ವ ಕೇಳಿದಳು: “ಹುಸೇನಬಿ ಯಾಕ ಬರವಲ್ಲಳು?”

“ಅವರಿಗೆ ನೆಗಡಿ ಆಗೈತಂತ.”

“ಭೀಮಣ್ಣ ಏನಾದ? ನೀ ಸಾಲ್ಯಾಗ ಕೇಳಿರಬೇಕಲ್ಲ?”

“ಅವ ಊರಾಗಿಲ್ಲವ್ವ. ದೇಸಾಯಿ ಕೆಲಸದ ಮ್ಯಾಲೆ ಸೊಲ್ಲಾಪುರಕ್ಕ ಹೋಗ್ಯಾನ.”

ಅವ್ವ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ ಮೆಲ್ಲಗೆ ಅಂದಳು: “ಮಲ್ಲೇಶಿನೂ ಸೊಲ್ಲಾಪುರಕ್ಕ ಹೋಗ್ಯಾನ ಅಂತ ಹೇಳಿದ್ದಿ.”

ಮಲ್ಲೇಶಿ ಅಂದರೆ ಅಗರಖೇಡದಲ್ಲಿದ್ದ ನನ್ನ ಸೋದರಮಾವ, ಅವ್ವನ ಒಬ್ಬನೇ ತಮ್ಮ. ಹೋದ ವರ್ಷ ಅವ್ವನ ಎಡಗಣ್ಣಿನ ಆಪರೇಷನ್ ಆದ ಮೂರನೆಯ ದಿನ ಎದೆನೋವು ಬಂದು ತೀರಿಕೊಂಡ. ಸರೋಜಾ ಆಗಲೂ ಇದೇ ಅಪ್ಪಣೆ ಕೊಟ್ಟಿದ್ದಳು. ಮಾವ ಯಾಕೆ ನೋಡಲು ಬರಲಿಲ್ಲ ಎಂದು ಅವ್ವ ಕೇಳಿದಾಗಲೆಲ್ಲ, ‘ಸೊಲ್ಲಾಪುರದ ದವಾಖಾನಿಗೆ ತೋರಿಸ್ಕೊಳ್ಳಾಕ ಹೋಗ್ಯಾನ’ ಎಂದು ನಾನು ಹೇಳಿದ್ದೆ. ಮಣ್ಣಿಗೆ ಹೋಗುವಾಗ ಸಾಲೆಯಲ್ಲಿ ಪರೀಕ್ಷೆ ಇದೆ ಎಂದು ಹೇಳಿ ಹೋಗಿದ್ದೆ. ಹನ್ನೊಂದನೆಯ ದಿನ ನಿಜ ಹೇಳಿದೆವು. ಅವ್ವ ಅಳಲಿಲ್ಲ. ‘ಎಲ್ಲಿ ಮಣ್ಣು ಕೊಟ್ರಿ?’ ಎಂದಷ್ಟೇ ಕೇಳಿದಳು. ಅವ್ವನ ಗುಂಡಿಗೆ ಗಟ್ಟಿ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

“ನಿನಗ ಸೊಲ್ಲಾಪುರ ಬಿಟ್ಟು ಬ್ಯಾರೆ ಊರ ಗೊತ್ತಿಲ್ಲೇನೋ ತಮ್ಮಾ?” ಎಂದಳು ಅವ್ವ. “ಭೀಮಣ್ಣ ಸತ್ತಾನಂತ ಮಧ್ಯಾಹ್ನನ ಗೌರವ್ವ ಹೇಳಿದ್ಲು. ‘ಮಾಸ್ತರು ಹೇಳಬ್ಯಾಡ ಅಂದಾರ’ ಅಂತ ಅದನ್ನೂ ಹೇಳಿದ್ಲು. ನನ್ನ ಬೆನ್ನಿಗೆ ಬಿದ್ದಾಂವ ಅವ ಮಲ್ಲೇಶಿ. ಸೊಂಟದ ಮ್ಯಾಲೆ ಹೊತ್ತು ಬೆಳೆಸೇನಿ. ಅವನ ಮುಖ ನೋಡಾಕ ಬಿಡಲಿಲ್ಲ ನೀವು. ಕಣ್ಣು ಉಳಸ್ತೀವಿ ಅಂದ್ರಿ. ಅವನ್ನ ನೋಡದ ಕಣ್ಣು ಉಳಿಸಿ ಏನ್ ಮಾಡ್ಲೋ?”

ನಾನು ಎದ್ದು ಅಂಗಳಕ್ಕೆ ಹೋಗಿ ಕಣ್ಣಿನ ವೈದ್ಯರಿಗೆ ಫೋನು ಮಾಡಿದೆ. ಅತ್ತರೆ ಅಪಾಯವೇ ಎಂದು ಕೇಳಿದೆ. “ಅತ್ತರ ಏನೂ ಆಗೂದಿಲ್ರಿ. ಕಣ್ಣು ಉಜ್ಜಬಾರದು ಅಷ್ಟ. ಸ್ವಚ್ಛ ಹತ್ತಿಲೇ ಕೆನ್ನಿ ಒರಸ್ರಿ” ಎಂದರು. ಇಷ್ಟೇ ಮಾತು. ಹೋದ ವರ್ಷವೂ ಇದೇ ಫೋನು ನನ್ನ ಜೇಬಿನಲ್ಲಿತ್ತು, ಇದೇ ನಂಬರು ಇತ್ತು. ಸರೋಜಾ ಕೇಳಿರಬೇಕು ಎಂದು ನಾನು ತಿಳಿದಿದ್ದೆ, ನಾನು ಕೇಳಿರಬೇಕು ಎಂದು ಅವಳು. ಇಬ್ಬರೂ ಕೇಳಿರಲಿಲ್ಲ. ಆ ಹೊತ್ತು ನನಗೆ ನನ್ನ ಬಗ್ಗೆ ಬಂದ ಸಿಟ್ಟು, ಕಾರಭಾರಿಯ ಮೇಲೆ ಇಡೀ ತಾಲೂಕಿಗೆ ಬಂದ ಸಿಟ್ಟಿಗಿಂತ ಕಡಿಮೆಯದಲ್ಲ.

ಭಾನುವಾರ ಮಧ್ಯಾಹ್ನ ಹಿಂದಿನ ಕಂತುಗಳನ್ನು ಮತ್ತೆ ಹಾಕುತ್ತಾರೆ. ವೈರು ಸಿಕ್ಕಿಸಿದೆ. ಹುಸೇನಬಿಯನ್ನು ನಾನೇ ಹೋಗಿ ಕರೆತಂದೆ. ಆಕೆ ಅವ್ವನ ಒಂದು ಕೈ ಹಿಡಿದುಕೊಂಡಳು, ಇನ್ನೊಂದನ್ನು ನನ್ನ ಹೆಂಡತಿ ಹಿಡಿದಳು, ಕಣ್ಣು ಉಜ್ಜಬಾರದಲ್ಲ! ಹತ್ತಿ ಹಿಡಿದು ನಾನು ಎದುರು ಕೂತೆ. ಭೀಮಣ್ಣ ಬಿದ್ದ. ವಾಡೆಯ ಅಂಗಳದಲ್ಲಿ ಅವನ ಹೆಣವನ್ನು ನಮ್ಮ ಪದ್ಧತಿಯಂತೆ ಕುಂದರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿದರು. ಕ್ಯಾಮೆರಾದವನು ಮೋಡ ತೋರಿಸಿದ, ಕುದುರೆ ತೋರಿಸಿದ, ಅಳುವ ಮಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ತೋರಿಸಿದ. “ಮುಖ ತೋರಸಾಕ ಏನಾಗೇತಿ ಇವಗ?” ಎಂದು ಅವ್ವ ಚಡಪಡಿಸಿದಳು. ಕಡೆಗೆ ಮುಖ ಬಂತು. ಅವ್ವ ಕನ್ನಡಕ ತೆಗೆಸಿ ಕಣ್ತುಂಬ ನೋಡಿದಳು. ಆಮೇಲೆ, “ಮಲ್ಲೇಶೀ, ನನ್ನಪ್ಪಾ” ಎಂದು ಅಳಲು ಶುರು ಮಾಡಿದಳು. ಒಂದು ವರ್ಷದ ಅಳು ಅದು. ನಾನು ಒರೆಸುತ್ತ ಹೋದೆ. ಹತ್ತಿ ಮುಗಿಯಿತು, ಅದರಲ್ಲಿ ಅರ್ಧ ನನಗೇ ಬೇಕಾಯಿತು.

ಅಷ್ಟರಲ್ಲಿ ಸರೋಜಾಳ ಫೋನು. “ಅಣ್ಣಾ, ಅವ್ವಗ ಏನೂ ಗೊತ್ತಾಗಿಲ್ಲ ಹೌದಲ್ಲೋ?”

“ಇಲ್ಲವಾ, ಏನೂ ಗೊತ್ತಾಗಿಲ್ಲ. ಆರಾಮ ಮಕ್ಕೊಂಡಾಳ” ಎಂದುಬಿಟ್ಟೆ. ಯಾಕೆ ಎಂದು ಕೇಳಬೇಡಿ. ಬಾಯಿ ತಾನೇ ಹೇಳಿತು.

ಅವ್ವ ಕೈ ಚಾಚಿ ಫೋನು ಇಸಿದುಕೊಂಡಳು. “ಸರೂ, ನಾ ನೋಡೇನಿ. ಅತ್ತೇನಿ. ಕಣ್ಣು ಚಲೋ ಅದಾವ. ಒಂದು ಮಾತು ನೆನಪಿಡು. ನಾಳೆ ನೀ ಫೋನ್ ಮಾಡಿದಾಗ ಇವ, ‘ಅವ್ವ ಸೊಲ್ಲಾಪುರಕ್ಕ ಹೋಗ್ಯಾಳ’ ಅಂದ್ರ ನಂಬಬ್ಯಾಡ. ಲಗೂನ ಬಂದು ನನ್ನ ಮುಖ ನೋಡು.”

ಫೋನು ನನ್ನ ಕೈಗೆ ವಾಪಸು ಬಂತು. ಆ ಕಡೆ ಸರೋಜಾ ಬಿಕ್ಕುತ್ತಿದ್ದಳು. ನಾನು, “ಹಲೋ, ಹಲೋ... ರೇಂಜ್ ಇಲ್ಲವಾ, ಏನೂ ಕೇಳಿಸವಲ್ದು” ಎಂದು ಹೇಳಿ ಇಟ್ಟುಬಿಟ್ಟೆ.